ಅಧ್ಯಕ್ಷರ ಮೊಳಕೈಗೆ ನಿಂತ ಚಂಡಮಾರುತ

ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತವು ಯಾವ ಹೊತ್ತಿಗೆ ಎಲ್ಲಿರಬೇಕು ಎಂಬುದನ್ನು ಬೇಗಂಪೇಟೆಯ ಚಂಡಮಾರುತ ಪಥ ನಿಗಾ ಉಪಕೋಶವು ಗೋಡೆಯ ನಕಾಶೆಗೆ ಚುಚ್ಚಿದ ಒಂದು ಗುಂಡುಸೂಜಿಯ ಮೂಲಕ ನಿರ್ಧರಿಸುತ್ತದೆ. ಹೈದರಾಬಾದಿಗೆ ಸಮುದ್ರವೇ ಇಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಿದ್ದುಂಟು. ಸಮುದ್ರದ ಪಕ್ಕ ಕೂತವರು ಗಾಬರಿಯಲ್ಲಿ ಕೆಲಸ ಕೆಡಿಸುತ್ತಾರೆ, ದೂರ ಕೂತವರು ಸಮಾಧಾನದಿಂದ ನೋಡುತ್ತಾರೆ ಎಂದು ಉಪಕೋಶವು ಅವರಿಗೆ ಲಿಖಿತ ಉತ್ತರ ಕೊಟ್ಟಿದೆ.

ಆ ಸೂಜಿ ಸರಿಸುವ ಹುದ್ದೆ ಮೌನಪ್ಪನದು. ಯಾದಗಿರಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವನು; ಉಪ್ಪಲ್‌ನಲ್ಲಿ ಏಳುತ್ತಿದ್ದ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಹೆಂಡತಿ ಶಿವಗಂಗಾಳ ಜೊತೆ ಇದ್ದ. ಉಪಕೋಶದ ಗೋಡೆಗೆ ನಕಾಶೆ ಅಂಟಿಸಲು ಕರೆಸಿದಾಗ, ಸ್ಟೂಲು ಹತ್ತಿದರೆ ತಲೆ ತಿರುಗದವನು ಇವನೊಬ್ಬನೇ ಎಂಬ ಅರ್ಹತೆಯ ಮೇಲೆ ಅಲ್ಲೇ ಇಟ್ಟುಕೊಂಡರು. ಇರಲಿಕ್ಕೆ ಕಚೇರಿಯ ಹಿಂದಿನ ಕೋಣೆ ಕೊಟ್ಟರು. ಇಟ್ಟಿಗೆ ಗೋಡೆ, ಸಿಮೆಂಟಿನ ತಾರಸಿ. ಶಿವಗಂಗಾಗೆ ದಿನ ತುಂಬುತ್ತ ಬಂದಿತ್ತು. ಬಾಗಿಲಿಗೆ ಚಿಲಕ ಇದ್ದದ್ದು ಕಂಡು ಅವಳು ಸುಮ್ಮನೆ ಹಾಕಿ ತೆಗೆದು, ಮತ್ತೆ ಹಾಕಿ ನೋಡಿದಳು.

ನಿಯಮ ಒಂದೇ ಇತ್ತು. “ಸದರಿ ವಸತಿಯನ್ನು ಚಂಡಮಾರುತದಿಂದ ರಕ್ಷಣೆಗಾಗಿ ನೀಡಲಾಗಿದ್ದು, ಚಂಡಮಾರುತವು ದಡ ಮುಟ್ಟಿದ ಕೂಡಲೇ ತೆರವು ಮಾಡತಕ್ಕದ್ದು.”

“ಅಂದ್ರ ಗಾಳಿ ಬರೂತನಕ ಅಷ್ಟ ಗಾಳಿಯಿಂದ ರಕ್ಷಣೆ ಏನ್ರಿ?” ಎಂದಳು ಶಿವಗಂಗಾ.

“ಹೌದು. ಬಂದಮ್ಯಾಲ ರಕ್ಷಣೆಗೆ ಏನ್ ಕೆಲಸ ಐತಿ?” ಎಂದ ಮೌನಪ್ಪ. ಕಚೇರಿಯ ನೀರು ಕುಡಿಯತೊಡಗಿದ ಮೇಲೆ ಅವನಿಗೆ ನಿಯಮಗಳು ತಾವಾಗಿಯೇ ಅರ್ಥವಾಗುತ್ತಿದ್ದವು.

ಕೆಲಸದ ರೀತಿ ಹೀಗೆ: ಕರಾವಳಿಯಿಂದ ಫೋನು ಬರುತ್ತದೆ. ಸೂಪರಿಂಟೆಂಡೆಂಟ್ ವಿಶಾಲಾಕ್ಷಿ ಮೇಡಂ, ಮೂಲ ಧಾರವಾಡದವರು, ಅದನ್ನು ಬರೆದುಕೊಳ್ಳುತ್ತಾರೆ. ಉಪನಿರ್ದೇಶಕ ಚಂದ್ರಹಾಸ ಸಾಹೇಬರು ಸಹಿ ಹಾಕುತ್ತಾರೆ. ಮೌನಪ್ಪ ಸ್ಟೂಲು ಹತ್ತಿ ಸೂಜಿ ಕಿತ್ತು ಮುಂದೆ ಚುಚ್ಚುತ್ತಾನೆ. ಸಹಿ ಆಗುವ ತನಕ ಚಂಡಮಾರುತ ಇದ್ದಲ್ಲೇ ಕಾಯುತ್ತದೆ. ಆಯುಧಪೂಜೆಯ ದಿನ ಫೋನು, ಸ್ಟೂಲುಗಳ ಜೊತೆ ಸೂಜಿಗೂ ಅರಿಶಿಣ ಕುಂಕುಮ ಹಚ್ಚಿ ಚೆಂಡುಹೂವು ಸಿಕ್ಕಿಸಿದರು. ಪೂಜೆಗಿಟ್ಟ ಸಾಮಾನು ಮುಟ್ಟುವ ಹಾಗಿಲ್ಲ. ಹೀಗಾಗಿ ಅಂದು ಚಂಡಮಾರುತಕ್ಕೂ ರಜೆ.

ತೊಡಕು ಬಂದದ್ದು ಮರುದಿನ. ಚಂಡಮಾರುತ ದಡದ ಹತ್ತಿರ ಬಂತು, ಆದರೆ ದಡ ಇರಲಿಲ್ಲ. ಉಪಕೋಶದ ಉದ್ಘಾಟನೆಯ ದಿನ ಅದರ ಅಧ್ಯಕ್ಷರ ಫೋಟೋ ತೂಗುಹಾಕಲು ಹೊಡೆದ ಮೊಳೆಗಳೆಲ್ಲ ಆ ಗಟ್ಟಿ ಗೋಡೆಗೆ ಬಾಗಿ ಬಿದ್ದು, ಕಡೆಗೆ ಒಂದೇ ಒಂದು, ನಕಾಶೆಯ ಮಚಲಿಪಟ್ಟಣದಲ್ಲಿ ಇಳಿದಿತ್ತು. ಅಲ್ಲೇ ತೂಗುಹಾಕಿದ್ದರು. ನೆಲ್ಲೂರಿನಿಂದ ವಿಶಾಖಪಟ್ಟಣದವರೆಗಿನ ದಡವೆಲ್ಲ ಅಧ್ಯಕ್ಷರ ಕೋಟಿನ ಹಿಂದಿತ್ತು.

“ಇನ್ನ ಮುಂದ ಎಲ್ಲಿ ಚುಚ್ಚಲ್ರಿ ಮೇಡಂ? ಅಧ್ಯಕ್ಷರ ಮೊಳಕೈ ಬಂತು.”

“ತಡಿ ಮೌನಪ್ಪ, ಚುಚ್ಚಬ್ಯಾಡ. ಸರ್, ಫೋಟೋ ಇಳಿಸಿದ್ರ ಹೆಂಗ್ರಿ?”

“ಕುರ್ಚಿ ಮ್ಯಾಲಿರೋ ಅಧ್ಯಕ್ಷರನ್ನ ಇಳಿಸೋ ಅಧಿಕಾರ ನಿಮಗ ಐತೇನ್ರಿ?” ಎಂದರು ಚಂದ್ರಹಾಸ.

“ಇಲ್ರಿ.”

“ನನಗೂ ಇಲ್ಲ. ಚಂಡಮಾರುತಕ್ಕ ಐತೇನು?”

“ಆದೇಶದಾಗ ಹಂಗೇನೂ ಬರದಿಲ್ರಿ.”

“ಹಂಗಾದ್ರ ಅದು ಅಲ್ಲೇ ನಿಲ್ಲಬೇಕು.”

ಚಂಡಮಾರುತವು ಮುಂದಿನ ಆದೇಶದವರೆಗೆ ಅಧ್ಯಕ್ಷರ ಭಾವಚಿತ್ರದ ಅಂಚಿನಲ್ಲಿ ಸ್ಥಿರವಾಗಿರತಕ್ಕದ್ದು ಎಂದು ಪ್ರಕಟಣೆ ಹೊರಟಿತು. ಕೋಣೆ ಉಳಿಯಿತು ಎಂದು ಮೌನಪ್ಪ ಫೋಟೋಕ್ಕೆ ಗುಟ್ಟಾಗಿ ಕೈಮುಗಿದ.

ಎರಡು ದಿನಕ್ಕೆ ಕರಾವಳಿಯಿಂದ ಫೋನು ಬಂತು. ಗಾಳಿ ಊರೊಳಗೆ ನುಗ್ಗಿದೆ, ಮನೆಗಳ ಮೇಲೆ ಚಾವಣಿ ಇಲ್ಲ. “ನಮ್ಮಲ್ಲಿ ಇನ್ನೂ ಸಮುದ್ರದಲ್ಲೇ ಇದೆ. ನೀವು ಸ್ವಲ್ಪ ಅವಸರ ಮಾಡಿದ್ದೀರಿ” ಎಂದು ಮೇಡಂ ತೆಲುಗಿನಲ್ಲಿ ಮೃದುವಾಗಿ ತಿಳಿಸಿದರು. ಆಮೇಲೆ ಆ ಕಡೆಯ ಕಂಬಗಳೆಲ್ಲ ಉರುಳಿ ಫೋನು ಸತ್ತಿತು. ಕರಾವಳಿಯಿಂದ ಯಾವುದೇ ದೂರು ಇರುವುದಿಲ್ಲ ಎಂದು ದಾಖಲಾಯಿತು.

ಮರುದಿನ ಮಧ್ಯಾಹ್ನ ಬೇಗಂಪೇಟೆಯ ರಸ್ತೆಯಲ್ಲಿ ಆಟೋಗಳು ತೇಲತೊಡಗಿದವು. ಉಪ್ಪಲ್‌ನ ಶೆಡ್ಡುಗಳ ತಗಡು ಮೆಟ್ರೋ ಕಂಬಕ್ಕೆ ಸುತ್ತಿಕೊಂಡಿದೆ ಎಂದು ಸುದ್ದಿ ಬಂತು. ಚಂದ್ರಹಾಸ ಸಾಹೇಬರು ಪ್ಯಾಂಟು ಮಂಡಿಗೇರಿಸಿ ಒಳಗೆ ಬಂದರು.

“ಮೌನಪ್ಪ, ಸೂಜಿ ಎಲ್ಲೈತಿ?”

“ಸಮುದ್ರದಾಗ ಐತ್ರಿ.”

“ಹಂಗಾದ್ರ ಹೊರಗ ಏನದು?”

“ಬರೇ ಮಳಿರಿ.”

“ಹಾಂ. ಪರವಾನಗಿ ಇಲ್ಲದ ಮಳಿ.”

ಅಷ್ಟರಲ್ಲಿ ಕಿಟಕಿಯ ಗಾಜು ಒಡೆದು ಗಾಳಿ ಒಳನುಗ್ಗಿತು. ಅತ್ತ ಕೋಣೆಯಲ್ಲಿ ಶಿವಗಂಗಾಗೆ ನೋವು ಶುರುವಾಯಿತು. ರಸ್ತೆ ಮುಳುಗಿದ್ದರಿಂದ ಆಸ್ಪತ್ರೆಯ ಮಾತೇ ಇಲ್ಲ. ಮೇಡಂ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಇತ್ತ ಗೋಡೆಯ ಮೊಳೆ ಸಡಿಲಾಗಿ ಫೋಟೋ ವಾಲಿತು. ಅಧ್ಯಕ್ಷರ ಭುಜದ ಹಿಂದಿನಿಂದ ಕಾಕಿನಾಡ ಇಣುಕಿತು. ಫೋಟೋ ಬಿದ್ದರೆ ದಡ ಕಾಣುತ್ತದೆ, ದಡ ಕಂಡರೆ ಸೂಜಿ ಚುಚ್ಚಬೇಕು, ಚುಚ್ಚಿದ ಕೂಡಲೇ ಬಸುರಿಯನ್ನು ಈ ಮಳೆಗೆ ಹೊರಡಿಸಬೇಕು. ಮೌನಪ್ಪ ಸ್ಟೂಲು ಹತ್ತಿ ಎರಡೂ ಕೈಯಲ್ಲಿ ಅಧ್ಯಕ್ಷರನ್ನು ಗೋಡೆಗೆ ಒತ್ತಿ ಹಿಡಿದ. ಬಿಡಲಿಲ್ಲ.

ಒಳಗಿನಿಂದ ಮೇಡಂ ಕೂಗಿದರು. “ಮೌನಪ್ಪ, ಹೆಣ್ಣು ಕೂಸು. ಇಬ್ಬರೂ ಆರಾಮ ಅದಾರ. ಬಂದು ನೋಡು.”

“ಕೈ ಖಾಲಿ ಇಲ್ರಿ ಮೇಡಂ. ಅಧ್ಯಕ್ಷರದಾರ.”

ಚಂದ್ರಹಾಸ ಸಾಹೇಬರು ಬೂಟು ಬಿಚ್ಚಿದರು. ಚಂಡಮಾರುತ ಮುಗಿದರೆ ಅದರ ಹೆಸರಲ್ಲಿ ಮಂಜೂರಾದ ಅವರ ಜೀಪು, ಏಸಿ ಎರಡೂ ವಾಪಸು ಹೋಗುವಂಥವು. “ಇಳಿ, ನೋಡಿ ಬಾ. ತಲಿ ತಿರುಗಿದ್ರೂ ನಾ ಹಿಡೀತೀನಿ” ಎಂದು ಸ್ಟೂಲು ಹತ್ತಿದರು.

ಮಳೆ ನಿಂತ ಮೇಲೆ ಕರಾವಳಿಯ ಊರವರು ಪರಿಹಾರ ಕೇಳಿಕೊಂಡು ಬಂದರು. ಆ ಹೊತ್ತಿಗೆ ಅಧ್ಯಕ್ಷರು ಬದಲಾಗಿದ್ದರು. ಹೊಸಬರ ಫೋಟೋ ಬಹಳ ಅಗಲ. ಅದಕ್ಕೆ ಜಾಗ ಬಿಡಲು ಸೂಜಿಯನ್ನು ಅಂಡಮಾನಿನ ಹತ್ತಿರ ಒಯ್ಯಬೇಕಾಯಿತು. ಉಪಕೋಶದ ಅವಿರತ ಶ್ರಮದಿಂದ ಚಂಡಮಾರುತವು ಹಿಮ್ಮೆಟ್ಟಿರುತ್ತದೆ ಎಂದು ಪ್ರಕಟಣೆ ಗೋಡೆಯ ಮೇಲಿತ್ತು. ಬರದೇ ಇರುವ ಗಾಳಿಗೆ ಪರಿಹಾರ ಕೊಡಲು ಬರುವುದಿಲ್ಲ, ಬಂದ ಮೇಲೆ ಬನ್ನಿ ಎಂದು ಮೇಡಂ ಅವರಿಗೆ ಚಹಾ ಕೊಟ್ಟು ವಿವರಿಸಿದರು.

ಊರವರಲ್ಲಿ ಹಿರಿಯನೊಬ್ಬ ಸೂಜಿಯನ್ನು ಬಹಳ ಹೊತ್ತು ನೋಡಿದ. “ಅಷ್ಟು ದೂರ ಇದೆಯಾ? ಹಾಗಾದರೆ ಚಾವಣಿ ಹೊದಿಸಿಕೊಳ್ಳಲು ಟೈಮಿದೆ” ಎಂದು ಸಮಾಧಾನಪಟ್ಟು, ಉಳಿದವರನ್ನು ಎಬ್ಬಿಸಿಕೊಂಡು ಹೊರಟ.

“ಅದು ಯಾವಾಗ ಬರತೈತ್ರಿ?” ಎಂದು ಕೂಸಿಗೆ ಕಾಡಿಗೆ ತೀಡುತ್ತ ಶಿವಗಂಗಾ ಕೇಳಿದಳು.

“ಭಾಳ ದೂರ ಐತಿ,” ಎಂದ ಮೌನಪ್ಪ, ಮತ್ತು ತೊಟ್ಟಿಲು ಕಟ್ಟಲು ತಾರಸಿಗೆ ಕೊಂಡಿ ಹಾಕತೊಡಗಿದ.