ಹೊಲಿಗೆಗೆ ಬಿಟ್ಟ ಒಂದಿಂಚು

ಟೈಲರ್ ಮಾಸ್ಟರ ವಂಶಕ್ಕೆ ಅಂಥ ಅವಮಾನ ಹಿಂದೆಂದೂ ಆಗಿರಲಿಲ್ಲ. ಮೂವತ್ತು ವರ್ಷದಿಂದ ಊರಿನ ಎದೆ, ಸೊಂಟ, ತೋಳುಗಳ ಮೇಲೆ ಏಕಚಕ್ರಾಧಿಪತ್ಯ ನಡೆಸಿದವರ ಒಬ್ಬಳೇ ಮಗಳಿಗೆ ಗಣಿತದಲ್ಲಿ ನೂರಕ್ಕೆ ನಲವತ್ತೊಂದು! ಅದೂ ಕಟ್ಟಡ ವಿನ್ಯಾಸ ಕಲಿಸುವ ಕಾಲೇಜಿಗೆ ಅರ್ಜಿ ಹಾಕಲು ಮೂರೇ ತಿಂಗಳು ಉಳಿದಿರುವಾಗ. ಗಣಿತದಲ್ಲಿ ಎಪ್ಪತ್ತೈದು ಇಲ್ಲದವರ ಅರ್ಜಿಯನ್ನು ಆ ಕಾಲೇಜು ಮೂಸಿಯೂ ನೋಡುವುದಿಲ್ಲ. ಹುಡುಗಿಯೋ, ಹಲ್ಲು ಬೀಳುವ ವಯಸ್ಸಿನಿಂದ ಅಂಗಿಯ ರಟ್ಟಿನ ಡಬ್ಬಗಳಲ್ಲಿ ಮನೆ ಕಟ್ಟುತ್ತ ಬಂದವಳು. ಬೇರೆ ಕಾಲೇಜಿನ ಮಾತೆತ್ತಿದರೆ ತಟ್ಟೆ ಬಿಟ್ಟು ಏಳುತ್ತಿದ್ದಳು.

"ಇದು ನಿನ್ನ ತವರಿನ ರಕ್ತ ಕಣೇ," ಎಂದು ಮಾಸ್ಟರು ಅಂಕಪಟ್ಟಿಯನ್ನು ಕತ್ತರಿಯ ತುದಿಯಿಂದ ಹೆಂಡತಿಯ ಕಡೆಗೆ ತಳ್ಳಿದರು.

"ನಮ್ಮಣ್ಣ ಸೇತುವೆ ಕಟ್ಟಿಸ್ತಾನೆ. ಇವತ್ತಿನವರೆಗೂ ಒಂದೂ ಬಿದ್ದಿಲ್ಲ," ಆಕೆ ಗುಂಡಿ ಹಾಕುತ್ತಲೇ ಹೇಳಿದರು. "ನಿಮ್ಮ ತಮ್ಮ ಒಂದು ಕೋಳಿಗೂಡು ಕಟ್ಟಿದ. ಕೋಳಿ ಒಳಗೆ ಹೋಗ್ಲಿಲ್ಲ, ಅವನು ಹೊರಗೆ ಬರ್ಲಿಲ್ಲ."

(ಇದು ಇತಿಹಾಸ. ಮಾಸ್ಟರು ಇತಿಹಾಸದ ಚರ್ಚೆಗೆ ಇಳಿಯಲಿಲ್ಲ.)

ಮರುದಿನ ಗಣಿತದ ಟೀಚರು ಮೂವರನ್ನೂ ಕರೆಸಿದರು. ಮಾಸ್ಟರು ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡು, ಯುದ್ಧ ತಪ್ಪಿಸಲು ಹೊರಟ ರಾಯಭಾರಿಯ ಗಾಂಭೀರ್ಯದಲ್ಲಿ ಶಾಲೆಯ ಮೆಟ್ಟಿಲು ಹತ್ತಿದರು.

"ಬೀಜಗಣಿತ ಎಲ್ಲಾ ಸರಿಯಾಗಿದೆ," ಟೀಚರು ಉತ್ತರಪತ್ರಿಕೆ ಬಿಚ್ಚಿದರು. "ಆದ್ರೆ ಉದ್ದ, ಅಗಲ, ಎತ್ತರ ಬಂತೋ, ಮುಗೀತು. ನೋಡಿ, ಹನ್ನೆರಡು ಉದ್ದ, ಎಂಟು ಅಗಲದ ಆಯತ. ಇವಳು ಹದಿಮೂರನ್ನ ಒಂಬತ್ತರಿಂದ ಗುಣಿಸಿದ್ದಾಳೆ. ಎಲ್ಲಾ ಕಡೆ ಒಂದೊಂದು ಜಾಸ್ತಿ. ಯಾಕಮ್ಮಾ ಹೀಗೆ?"

"ಗೊತ್ತಿಲ್ಲ ಮಿಸ್. ಕೈ ತಾನಾಗೇ ಬರೆದುಬಿಡುತ್ತೆ."

ಮಾಸ್ಟರು ಬಗ್ಗಿ ನೋಡಿದರು. ಅವರ ಮುಖ ಬೆಳಗಿತು.

"ಸರಿಯಾಗೇ ಇದೆಯಲ್ಲ ಮೇಡಂ! ಹೊಲಿಗೆಗೆ ಒಂದಿಂಚು ಬಿಡ್ಬೇಕಲ್ವಾ?"

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದರು. ಆ ನೋಟದಲ್ಲಿ ಸೇತುವೆ ಕಟ್ಟುವ ಅಣ್ಣ ತನ್ನ ಎಲ್ಲ ಸೇತುವೆಗಳ ಸಮೇತ ನಿಂತಿದ್ದ.

ಸಂಗತಿ ಇಷ್ಟೇ. ಏಳನೇ ವಯಸ್ಸಿನಿಂದಲೂ ಅಂಗಡಿಯಲ್ಲಿ ಅಪ್ಪ ಅಳೆದು ಕೂಗುವುದು, ಮಗಳು ಚೀಟಿಯಲ್ಲಿ ಬರೆಯುವುದು. "ನಾನು ಹೇಳೋದು ಮೈ, ನೀನು ಬರೆಯೋದು ಬಟ್ಟೆ" ಎಂಬುದು ಅಲ್ಲಿನ ಶಾಸನ. ಅಪ್ಪ ಮೂವತ್ತಾರು ಎಂದರೆ ಮಗಳು ಮೂವತ್ತೇಳು ಬರೆಯಬೇಕು. ಅಪ್ಪ ಚೀಟಿ ನೋಡಿ ಕಣ್ಣುಮುಚ್ಚಿ ಕತ್ತರಿಸಬೇಕು. ಹತ್ತು ವರ್ಷ ಒಂದು ಅಂಗಿಯೂ ಕೆಟ್ಟಿರಲಿಲ್ಲ. ಕೆಟ್ಟದ್ದು ಗಣಿತ ಮಾತ್ರ.

ಅಂದಿನಿಂದ ಮಗಳಿಗೆ ಅಂಗಡಿ ನಿಷಿದ್ಧವಾಯಿತು. ಚೀಟಿ ಬರೆಯುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಪ್ರಾಯಶ್ಚಿತ್ತವಾಗಿ ಮಾಸ್ಟರು ದಿನವೂ ಸಂಜೆ ಬಾಗಿಲು, ಕಿಟಕಿ, ಮಂಚ, ಗೊರಕೆ ಹೊಡೆಯುವ ಬೆಕ್ಕು, ಎಲ್ಲವನ್ನೂ ಅಳೆದು ಕೂಗುತ್ತಿದ್ದರು.

"ಮಂಚ, ಎಪ್ಪತ್ತೆರಡು!"

"ಎಪ್ಪತ್ಮೂ..."

"ಮಂಚಕ್ಕೆ ಹೊಲಿಗೆ ಹಾಕ್ತೀಯೇನೇ?"

"ಎಪ್ಪತ್ತೆರಡು ಅಪ್ಪಾ, ಎಪ್ಪತ್ತೆರಡು!"

ಮೊದಲ ವಾರ ಹುಡುಗಿ ಅತ್ತಳು. ಎರಡನೇ ವಾರ ಪೆನ್ಸಿಲು ಮುರಿದಳು. ಎರಡನೇ ತಿಂಗಳಿಗೆ ಬೆಕ್ಕಿನ ಬಾಲವನ್ನೂ ಇದ್ದಷ್ಟೇ ಬರೆಯತೊಡಗಿದಳು. ಅಂತಿಮ ಪರೀಕ್ಷೆಯಲ್ಲಿ ಎಂಬತ್ತನಾಲ್ಕು ಬಂತು! ಕಾಲೇಜಿನಿಂದ ಸಂದರ್ಶನಕ್ಕೆ ಕರೆಯೂ ಬಂತು, ತಂದೆತಾಯಿ ಸಮೇತ.

ಮಾಸ್ಟರು ತಮಗೊಂದು ಕೋಟು ಹೊಲಿದುಕೊಳ್ಳಲು ಸಂಕಲ್ಪಿಸಿದರು. ವೈದ್ಯ ತನ್ನ ನಾಡಿ ತಾನೇ ಹಿಡಿದಾನು, ದರ್ಜಿ ತನ್ನ ಬೆನ್ನು ತಾನೇ ಅಳೆಯಲಾರ. ಹಾಗಾಗಿ ಮಗಳು ಅಳೆದಳು, ಮಗಳೇ ಬರೆದಳು. ಮಾಸ್ಟರು ಚೀಟಿ ನೋಡಿ ಎಂದಿನಂತೆ ಕತ್ತರಿಸಿದರು.

"ಒಂದ್ಸಲ ಹಾಕಿ ನೋಡಬಾರದೇ?" ಎಂದರು ಹೆಂಡತಿ.

"ನಾನು ಹೊಲಿದದ್ದಕ್ಕೆ ಟ್ರಯಲ್ಲೇ?"

ಸಂದರ್ಶನದ ಬೆಳಿಗ್ಗೆ ಕೋಟಿನೊಳಗೆ ಮಾಸ್ಟರನ್ನು ತುಂಬಲು ತಾಯಿ ಮಗಳು ಇಬ್ಬರೂ ಬೇಕಾದರು. ಬೆನ್ನಿಗೆ, ಎದೆಗೆ, ತೋಳಿಗೆ, ಎಲ್ಲಕ್ಕೂ ಹೊಲಿಗೆಯ ಒಂದಿಂಚು ಮೈಯಳತೆಯಿಂದಲೇ ಕಳೆದುಹೋಗಿತ್ತು. ಮಗಳು ಇದ್ದಷ್ಟೇ ಬರೆದಿದ್ದಳು!

ಪ್ರಾಂಶುಪಾಲರು ಎರಡೂ ಅಂಕಪಟ್ಟಿ ನೋಡಿ ಹುಬ್ಬೇರಿಸಿದರು. "ನಲವತ್ತೊಂದು ಇದ್ದದ್ದು ಮೂರೇ ತಿಂಗಳಲ್ಲಿ ಎಂಬತ್ತನಾಲ್ಕು. ಇದು ಹೇಗೆ ಸಾಧ್ಯ ಆಯ್ತು?"

ಈ ಪ್ರಶ್ನೆಗಾಗಿಯೇ ಮಾಸ್ಟರು ವಂಶದ ಗಣಿತಪ್ರತಿಭೆಯ ಕುರಿತು ಹದಿನೈದು ನಿಮಿಷದ ಭಾಷಣ ಬಾಯಿಪಾಠ ಮಾಡಿದ್ದರು. ಆರಂಭಿಸಲು ಉಸಿರೆಳೆದುಕೊಂಡರು. ಫಟ್ಟನೆ ಮೇಲಿನ ಗುಂಡಿ ಹಾರಿ, ಮೇಜಿನ ಮೇಲೆ ಉರುಳಿ, ಪ್ರಾಂಶುಪಾಲರ ಕನ್ನಡಕದ ಡಬ್ಬಿಗೆ ತಾಗಿ ಮಲಗಿತು.

"ಅದನ್ನೇ ಅಪ್ಪ ತೋರಿಸ್ತಿದ್ದಾರೆ ಸಾರ್," ಎಂದು ಮಗಳು ಎದ್ದು ನಿಂತಳು. ಅಪ್ಪನನ್ನೇ ಕಪ್ಪುಹಲಗೆ ಮಾಡಿಕೊಂಡು, ಒಂದಿಂಚು ಸೇರಿಸುವ ಅಭ್ಯಾಸ ಹೇಗೆ ಹತ್ತಿತು, ಹೇಗೆ ಬಿಟ್ಟಿತು, ಮೈ ಎಷ್ಟು, ಬಟ್ಟೆ ಎಷ್ಟು, ನಡುವೆ ಕಾಣೆಯಾದ ಇಂಚುಗಳೆಷ್ಟು ಎಂದು ಚೀಟಿಯಿಲ್ಲದೆ ವಿವರಿಸಿದಳು. ಮಾಸ್ಟರು ನೇರಳೆ ಬಣ್ಣಕ್ಕೆ ತಿರುಗುತ್ತ, ಹೇಳಿದಾಗ ತಿರುಗಿ, ಹೇಳಿದಾಗ ತೋಳೆತ್ತಿದರು.

ಪ್ರಾಂಶುಪಾಲರು ನಗಲಿಲ್ಲ. ಎದ್ದು ಬಂದು ಕೋಟಿನ ಬೆನ್ನಿನ ಮೇಲೆ ಗೇಣು ಹಾಕಿ ನೋಡಿದರು. "ಅಳತೆ ಒಂದು ಕೂದಲೆಳೆಯೂ ತಪ್ಪಿಲ್ಲ. ಸೋಮವಾರ ಬಂದು ಸೇರ್ಕೊಳಮ್ಮಾ."

ಹೊರಗೆ ಬಂದ ಮೇಲೆ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂತೂ ಸೀಟು ಸಿಕ್ತು. ಈಗ್ಲಾದ್ರೂ ಏನಾದ್ರೂ ಮಾತಾಡ್ರೀ!" ಎಂದರು.

ಮಾಸ್ಟರು ಎಡಗೈಯಲ್ಲಿ ಎರಡನೇ ಗುಂಡಿ, ಬಲಗೈಯಲ್ಲಿ ಮೂರನೆಯದು ಹಿಡಿದುಕೊಂಡು, ಉಸಿರೆಳೆದರೆ ನಾಲ್ಕನೆಯದೂ ಹಾರೀತೆಂದು ಬರೀ ತಲೆಯಾಡಿಸಿದರು. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಹೆಂಡತಿ ತಮ್ಮ ಅಣ್ಣನ ಸೇತುವೆಗಳನ್ನು ಒಂದೊಂದಾಗಿ ವರ್ಣಿಸಿದರು. ಮಾಸ್ಟರು ಒಂದಕ್ಕೂ ಎದುರಾಡಲಿಲ್ಲ.