ಹದಿನಾಲ್ಕು ತುಂಬಿದ ಮೇಲೆ

ಏನನ್ನಾದರೂ ಓದಿದ್ದೇನೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ಅಪಾಯ ಎಂಬುದು ನನಗೆ ಎಂ.ಎ. ಮುಗಿದು ಎಷ್ಟೋ ವರ್ಷಗಳ ಮೇಲೆ, ಗುಬ್ಬಿ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ತಿಳಿಯಿತು. ಶಾಲೆ ಬಿಡುವ ಹಾದಿಯಲ್ಲಿರುವ ಮಕ್ಕಳ ಬಗ್ಗೆ ರಾಜ್ಯದ ನಿಯಮ ಏನು ಹೇಳುತ್ತದೆ ಎಂಬ ಮಾತು ಬಂತು. ಸಮಾಜ ವಿಜ್ಞಾನದ ಮೇಷ್ಟ್ರಾದ ನಾನು ತಡೆಯಲಾರದೆ, "ಶಿಕ್ಷಣದ ಹಕ್ಕಿನ ಕಾಯ್ದೆ, ಅದರ ನಿಯಮ ಎರಡನ್ನೂ ಪೂರ್ತಿ ಓದಿದೀನಿ" ಎಂದುಬಿಟ್ಟೆ. ಉಳಿದವರೆಲ್ಲ ತಕ್ಷಣ ಟೀ ಲೋಟದೊಳಗೆ ನೋಡತೊಡಗಿದರು. ಹೆಡ್ಮಾಸ್ಟರು ಫೈಲನ್ನು ನನ್ನತ್ತ ತಳ್ಳಿ, "ಓದಿದೀರಲ್ಲ ಸಾರ್, ಇನ್ಮೇಲೆ ನೀವೇ ನೋಡ್ಕಳಿ" ಎಂದರು.

ಸತತವಾಗಿ ಗೈರಾದ ಮಗುವಿನ ಮನೆಗೆ ಹೋಗಿ, ಕಾರಣ ಕೇಳಿ, ನಮೂನೆ ತುಂಬಿ, ಮಗುವನ್ನು ವಾಪಸು ಕರೆತರಬೇಕು. ಫೈಲಿನ ಮೊದಲ ಹೆಸರು ಒಂಬತ್ತನೇ ತರಗತಿಯ ಪೂರ್ಣಿಮಾ. ಶನಿವಾರ ಶಾಲೆ ಬಿಟ್ಟ ಮೇಲೆ ಹಾಗಲವಾಡಿ ಕಡೆಗೆ ಸ್ಕೂಟರ್ ತಿರುಗಿಸಿದೆ. ಅವಳ ಅಪ್ಪ ಅಮ್ಮ ತೋಟಕ್ಕೆ ಹೋಗಿದ್ದರು. ಅಜ್ಜಿ ರುದ್ರಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಬಾಗಿಲ ಪಕ್ಕದಲ್ಲಿ ಬಟ್ಟೆ ತುಂಬಿದ ಬ್ಯಾಗೊಂದು ಸಿದ್ಧವಾಗಿತ್ತು.

"ಮಜ್ಜಿಗೆ ಕುಡೀರಿ ಸ್ವಾಮಿ, ಬಿಸಿಲಲ್ಲಿ ಬಂದಿದೀರ. ಆದ್ರೆ ಹುಡುಗೀನ ಕಳ್ಸಕಾಗಲ್ಲ. ಅವ್ಳಿಗೆ ಹದಿನಾಲ್ಕು ತುಂಬೋಯ್ತು."

"ತುಂಬಿದ್ರೆ ಏನಮ್ಮ?"

"ಏನು ಅಂದ್ರೆ! ಹದಿನಾಲ್ಕಾದ್ಮೇಲೆ ಸ್ಕೂಲಿಲ್ಲ, ಮನೇಲಿ ಮುದ್ದೆ ತಿರುವ್ಬೇಕು ಅಂತ ಕಾನೂನೇ ಐತಂತಲ್ಲ. ಸರ್ಕಾರದ ತಂಟೆ ನಮ್ಗ್ಯಾಕೆ ಬುಡಿ. ಕುಣಿಗಲ್‌ನಾಗೆ ನನ್ ಮಗಳು ಬಾಣಂತಿ. ನಾಳೆ ಬಸ್ಸಿಗೆ ಇವಳ್ನ ಕಳಿಸ್ತಿದೀವಿ, ಮಗು ನೋಡ್ಕಳಕೆ."

ನನಗೆ ರಕ್ತ ಕುದಿಯಿತು. "ಯಾವ ತಲೆಕೆಟ್ಟೋನಮ್ಮ ಹಂಗೆ ಹೇಳಿದ್ದು?"

ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು: "ನೀವೇ ಸಾರ್."

ನಾನು ಹಾಗೆ ಹೇಳಿಯೇ ಇಲ್ಲ ಎಂದು ವಾದಿಸಿದೆ. ಪೂರ್ಣಿಮಾ ಒಳಗೆ ಹೋಗಿ ನೋಟ್‌ಬುಕ್ ತಂದಳು. ನಮ್ಮ ಮಕ್ಕಳಿಗೆ ಮೇಷ್ಟ್ರ ಬಾಯಿಂದ ಬಿದ್ದದ್ದೆಲ್ಲ ನೋಟ್ಸು. ಶಿಕ್ಷಣದ ಹಕ್ಕು, ಆರರಿಂದ ಹದಿನಾಲ್ಕು ವರ್ಷ. ಅದರ ಕೆಳಗೆ ದುಂಡು ಅಕ್ಷರದಲ್ಲಿ, "ಹದಿನಾಲ್ಕರ ನಂತರ: ಮುದ್ದೆ ತಿರುವುವುದು." ಎರಡು ಗೆರೆ ಬೇರೆ ಎಳೆದಿದ್ದಳು. ಆಗ ನೆನಪಾಯಿತು, ಅಥವಾ ನೆನಪಾದಂತಾಯಿತು. ಹದಿನಾಲ್ಕು ಆದ ಮೇಲೆ ಏನು ಸಾರ್ ಎಂದು ಯಾರೋ ಕೇಳಿದ್ದರು. ಉತ್ತರ ತೋಚದೆ ನಾನು ತಮಾಷೆ ಮಾಡಿದ್ದೆ. ಆ ರಾತ್ರಿ ಮನೆಗೆ ಹೋಗಿ ದಿನಚರಿ ತೆಗೆದರೆ, ಆ ಪಾಠದ ದಿನದ ಕೆಳಗೆ ನಾನೇ ಬರೆದಿದ್ದೆ: "ಮಕ್ಕಳು ಚೆನ್ನಾಗಿ ನಕ್ಕರು. ಪಾಠ ಎಲ್ಲರಿಗೂ ಅರ್ಥವಾಯಿತು."

ಜಗಲಿಯಲ್ಲಿ ಆಗಿನ ಕಷ್ಟವೆಂದರೆ, ಕಾಯ್ದೆಯೂ ನಿಜವಾಗಿ ಹದಿನಾಲ್ಕಕ್ಕೇ ನಿಂತುಹೋಗುತ್ತದೆ. ಪೂರ್ತಿ ಓದಿದ್ದವನಿಗೆ ಅವಳನ್ನು ಎಳೆದು ತರಲು ಒಂದು ಕಲಮೂ ಸಿಗಲಿಲ್ಲ. "ಅಲ್ಲೀವರೆಗೆ ಸರ್ಕಾರ ಓದಿಸಲೇಬೇಕು ಅಂತಷ್ಟೇ ಅಮ್ಮ ಅದರ ಅರ್ಥ. ಆಮೇಲೆ ಓದಬಾರದು ಅಂತ ಎಲ್ಲೂ ಇಲ್ಲ" ಎಂದು ಬಡಬಡಿಸಿದೆ.

ರುದ್ರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಾಯ್ಮಾತು ಬ್ಯಾಡ ಸ್ವಾಮಿ. ಬಾಯ್ಮಾತಿಂದ್ಲೇ ಇಷ್ಟಾಗಿದ್ದು. ಅವಳ ಪುಸ್ತಕದಾಗೇ ಬರ್ದು ಸೈನ್ ಹಾಕಿ."

ಕೆಂಪು ಪೆನ್ನಿನಿಂದ ನನ್ನ ಮಾತನ್ನೇ ಹೊಡೆದುಹಾಕಿ, ಪಕ್ಕದಲ್ಲಿ "ತಪ್ಪು. ಓದು ಮುಂದುವರಿಸುವುದು" ಎಂದು ಬರೆದು ರುಜು ಹಾಕಿದೆ. ಪೂರ್ಣಿಮಾ ಅದನ್ನು ಅಜ್ಜಿಗೆ ಗಟ್ಟಿಯಾಗಿ ಎರಡು ಸಲ ಓದಿ ಹೇಳಿದಳು. ಎರಡನೆಯ ಸಲ ಓದುತ್ತ ಕಣ್ಣೊರೆಸಿಕೊಂಡಳು. ಇಷ್ಟು ದಿನ ಒಂದು ಮಾತೂ ಆಡದೆ ಕಾನೂನು ಪಾಲಿಸಿದ್ದಳು ಹುಡುಗಿ.

"ಅಳ್ಬ್ಯಾಡ ಸುಮ್ಕಿರೇ" ಎಂದು ರುದ್ರಮ್ಮ ಬ್ಯಾಗಿನಿಂದ ಅವಳ ಬಟ್ಟೆ ತೆಗೆದು ಜಗಲಿಗೆ ಹಾಕಿದರು. "ಬಾಣಂತಿ ತಾವ ನಾನೇ ಹೋಯ್ತೀನಿ. ನಂಗೇನು ಹದಿನಾಲ್ಕಾ?"

ನಮೂನೆಯಲ್ಲಿ ಗೈರಿಗೆ ಕಾರಣ ಎಂಬಲ್ಲಿ ವಲಸೆ, ಅನಾರೋಗ್ಯ, ಮನೆಗೆಲಸ ಎಲ್ಲ ಇತ್ತು, ಮೇಷ್ಟ್ರ ಹಾಸ್ಯಪ್ರಜ್ಞೆ ಇರಲಿಲ್ಲ. "ಇತರೆ" ಎಂಬಲ್ಲಿ ಗುರುತು ಹಾಕಿ "ತಿಳಿವಳಿಕೆಯ ಕೊರತೆ" ಎಂದು ಬರೆದೆ. ಯಾರ ತಿಳಿವಳಿಕೆ ಎಂದು ಹೆಡ್ಮಾಸ್ಟರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸೋಮವಾರ ಪೂರ್ಣಿಮಾ ಮೊದಲ ಬೆಂಚಿನಲ್ಲಿದ್ದಳು. ಆ ಸಂತೋಷಕ್ಕೆ ಪಾಠದ ನಡುವೆ ಒಂದು ಒಳ್ಳೆಯ ತಮಾಷೆ ಹೇಳಿದೆ. ಯಾರೂ ನಗಲಿಲ್ಲ. ಅವಳು ಪೆನ್ನು ಹಿಡಿದು ಎದ್ದು ನಿಂತು ಬಹಳ ವಿನಯದಿಂದ ಕೇಳಿದಳು:

"ಸಾರ್, ಇದನ್ನ ಬರ್ಕೊಳ್ಳೋದಾ, ನಗೋದಾ?"