ದ್ರಾಕ್ಷಾಯಣಮ್ಮನವರ ಮುಂದಿನ ಸೀಟು

ಅತ್ತೆ ಒಬ್ಬ ಅಳಿಯನ ಕಾರಿನಲ್ಲಿ ಕೂತರೆ ಇನ್ನೊಬ್ಬ ಅಳಿಯನಿಗೆ ಹೊಟ್ಟೆ ಉರಿಯಬೇಕೆ? ಉರಿಯಬಾರದು. ಆದರೆ ಆಲೂರಿನ ಪೈಪು-ಮೋಟರ್ ಅಂಗಡಿಯ ರಾಜಶೇಖರನಿಗೆ ಒಂದು ವರ್ಷದಿಂದ ಉರಿಯುತ್ತಿತ್ತು, ಅದೂ ಧಗಧಗ ಅಂತ.

ಆದದ್ದಿಷ್ಟು. ಮಗ್ಗೆ ಕಡೆಯ ಹುಡುಗರು ಸೇರಿಕೊಂಡು ಪ್ರತಿ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಬಯಲಿನಲ್ಲಿ ಕಾರ್ ರೇಸ್ ಇಡುತ್ತಾರೆ. ಭಾರೀ ರೇಸೇನಲ್ಲ. ಬದು ಒಡೆದು ಮಟ್ಟ ಮಾಡಿದ, ಮೊಟ್ಟೆಯಾಕಾರದ ಒಂದು ಪುಟ್ಟ ಮಣ್ಣಿನ ಟ್ರ್ಯಾಕು, ಸುತ್ತ ಹಳೇ ಟೈರು, ತಿರುವುಗಳಲ್ಲಿ ಹುಲ್ಲಿನ ಕಂತೆ. ಅದರಲ್ಲಿ ‘ಫ್ಯಾಮಿಲಿ ಕ್ಲಾಸ್’ ಅಂತ ಒಂದು ವಿಭಾಗ. ಹಳೇ ಮಾರುತಿ ಕಾರೇ ಆಗಿರಬೇಕು, ಓಡಿಸುವವರ ಪಕ್ಕ ಮನೆಯವರೊಬ್ಬರು ಹೆಲ್ಮೆಟ್ ಹಾಕಿಕೊಂಡು ಕೂತಿರಲೇಬೇಕು. ಮನೆಯವರು ಪಕ್ಕದಲ್ಲಿದ್ದರೆ ಗಂಡಸರು ಹುಚ್ಚಾಬಟ್ಟೆ ಓಡಿಸುವುದಿಲ್ಲ ಅನ್ನುವುದು ಆ ಹುಡುಗರ ನಂಬಿಕೆ, ಪಾಪ.

ಹೋದ ವರ್ಷ ಅದರಲ್ಲಿ ಕಪ್ ಗೆದ್ದವನು ರಾಜಶೇಖರನ ಷಡ್ಡಕ, ಹೊಂಗಡಹಳ್ಳದ ಚಂದನ್. ಅತ್ತೆ ದ್ರಾಕ್ಷಾಯಣಮ್ಮ ಅವತ್ತೇ ನೆಂಟರಿಷ್ಟರ ಮುಂದೆ ಹೇಳಿಬಿಟ್ಟರು: “ಇನ್ಮೇಲೆ ಕಪ್ ಗೆದ್ದ ಅಳಿಯನ ಕಾರೇ ನನ್ ಕಾರು. ಮುಂದಿನ್ ವರ್ಷ ಯಾರ್ ಗೆಲ್ತಾರೋ, ಆಗ ಅವರ್ದು.”

ಅಲ್ಲಿಂದ ಶುರುವಾಯಿತು ನೋಡಿ. ಗೃಹಪ್ರವೇಶವಿರಲಿ, ನಾಮಕರಣವಿರಲಿ, ದ್ರಾಕ್ಷಾಯಣಮ್ಮ ಇಳಿಯುವುದು ಚಂದನನ ಕೆಂಪು ಕಾರಿನಿಂದ. “ಓ, ಚಂದನ್ ಬಂದ!” ಅಂತ ಜನ ಎದ್ದು ಬರುತ್ತಿದ್ದರು. ಹಿರಿಯಳಿಯ ರಾಜಶೇಖರ ಹಿಂದಿನ ಬಿಳಿ ಕಾರಿನಿಂದ ಬಾಳೆಲೆ ಕಟ್ಟು ಇಳಿಸುತ್ತಿದ್ದ. ಇದು ಸಾಲದು ಅಂತ ಅತ್ತೆ ತಿಂಗಳಲ್ಲಿ ಅರ್ಧ ಚಂದನನ ಮನೆಯಲ್ಲೇ ಠಿಕಾಣಿ ಹೂಡುತ್ತಿದ್ದರು.

“ನಿಮ್ಮವ್ವಂಗೆ ನಮ್ಮನೆ ಕಾಣ್ಸೋದೇ ಇಲ್ವೇನೇ?” ಅಂತ ರಾಜಶೇಖರ ಹೆಂಡತಿ ಪುಷ್ಪಾಳನ್ನು ಕೇಳುತ್ತಿದ್ದ.

“ಅವ್ವ ಬಂದಾಗ ನೀವ್ ಮೂಲೇಲಿ ಕೂತ್ಕೊಂಡು ನಿಟ್ಟುಸ್ರು ಬುಡ್ತೀರ, ಅದ್ಕೆ ಬರಲ್ಲ” ಅನ್ನುತ್ತಿದ್ದಳು ಅವಳು.

ಅಂತೂ ಈ ವರ್ಷದ ರೇಸಿನ ದಿನ ಬಂತು. ರಾಜಶೇಖರ ಅಂಗಡಿಗೆ ಬೀಗ ಜಡಿದು, ಬಿಳಿ ಮಾರುತಿಯನ್ನು ತೊಳೆದು, ಪುಷ್ಪಾಳನ್ನು ಪಕ್ಕ ಕೂರಿಸಿಕೊಂಡು ಬೆಳಿಗ್ಗೆಯೇ ಗದ್ದೆಬಯಲಿಗೆ ಇಳಿದ. ಅಲ್ಲಿ ಆಗಲೇ ಚಂದನನ ಕಾರು ನಿಂತಿತ್ತು. ಬಾಗಿಲ ಮೇಲೆ, ಬಂಪರ್ ಮೇಲೆ, ಎಲ್ಲೆಂದರಲ್ಲಿ ನೆಗ್ಗು, ಗೀರು. ರಾಜಶೇಖರನಿಗೆ ಅದನ್ನು ನೋಡಿಯೂ ಸಂಕಟವಾಯಿತು.

“ನೋಡೇ, ವರ್ಷವೆಲ್ಲ ಪ್ರಾಕ್ಟೀಸ್ ಮಾಡವ್ನೆ. ನಮ್ ಕಾರಲ್ಲಿ ಒಂದ್ ನೆಗ್ಗಾದ್ರೂ ಐತಾ?”

“ನೆಗ್ಗಿಗೂ ಹೊಟ್ಟೆಕಿಚ್ಚು ಪಡೋ ಗಂಡಸನ್ನ ನಾನು ಇವತ್ತೇ ಕಣ್ರೀ ನೋಡ್ತಿರೋದು” ಅಂದಳು ಪುಷ್ಪಾ.

ಅಷ್ಟರಲ್ಲಿ ಚಂದನನೇ ನಗುತ್ತ ಬಂದ. ಸ್ವಲ್ಪ ಇಳಿದುಹೋಗಿದ್ದ, ಕಣ್ಣ ಕೆಳಗೆ ಕಪ್ಪಾಗಿತ್ತು. “ಅಣ್ಣ, ಟೈರಲ್ಲಿ ಗಾಳಿ ಒಸಿ ಇಳಿಸ್ಕಳಿ. ಸಡ್ಲು ಮಣ್ಣು, ಹಿಡ್ತ ಬತ್ತದೆ” ಅಂತ ಮೆಲ್ಲಗೆ ಹೇಳಿ ಹೋದ.

ರಾಜಶೇಖರ ಹುಬ್ಬು ಗಂಟಿಕ್ಕಿದ. ಕಪ್ ಉಳಿಸಿಕೊಳ್ಳಬೇಕಾದವನು ಬಂದು ಗೆಲ್ಲುವ ದಾರಿ ಹೇಳಿಕೊಡುತ್ತಾನೆಯೇ? ಇದರಲ್ಲಿ ಏನೋ ಮಸಲತ್ತು ಇದೆ! ಡಿಕ್ಕಿಯಿಂದ ಕಾಲಲ್ಲಿ ತುಳಿಯುವ ಪಂಪು ತೆಗೆದು ಇರುವ ಗಾಳಿಯ ಜೊತೆಗೆ ಇನ್ನಷ್ಟು ಗಾಳಿ ತುಂಬಿದ. ಟೈರುಗಳು ಹಲಸಿನ ಹಣ್ಣಿನಂತೆ ಉಬ್ಬಿ ನಿಂತವು.

ಮೊದಲ ಓಟದಲ್ಲಿ ಬಾವುಟ ಬಿದ್ದದ್ದೇ ತಡ, ಬಿಳಿ ಕಾರು ಓಡಲಿಲ್ಲ, ಕುಪ್ಪಳಿಸಿತು. ಪುಷ್ಪಾಳ ಹೆಲ್ಮೆಟ್ಟು ಕಾರಿನ ಚಾವಣಿಗೆ ಟಣ್ ಟಣ್ ಅಂತ ಬಡಿಯತೊಡಗಿತು. ಮೈಕ್ ಹಿಡಿದವರು ಮಹಾದೇವಯ್ಯ, ನಿವೃತ್ತ ಡ್ರಿಲ್ ಮಾಸ್ತರು, ಆಲೂರಿನಲ್ಲಿ ರಾಜಶೇಖರನ ಎದುರುಮನೆಯವರು. ಬಾಯಿಗೆ ಬೀಗವಿಲ್ಲ.

“ನೋಡಿ, ನೋಡಿ! ನಮ್ಮ ಆಲೂರಿನ ರಾಜಶೇಖರ್ ಅವರು ಕಾರನ್ನ ಕಪ್ಪೆ ಮಾಡವ್ರೆ! ಪುಷ್ಪಮ್ಮ, ಗಟ್ಟಿಯಾಗಿ ಹಿಡ್ಕಳಮ್ಮ!”

ಓಟಕ್ಕೊಂದು ಕಾರು ಹೊರಗೆ ಅನ್ನುವುದು ಅಲ್ಲಿಯ ನಿಯಮ. ನಾಲ್ಕು ಕಾರುಗಳಲ್ಲಿ ಒಂದರ ರೇಡಿಯೇಟರ್ ಕುದಿದು ಅದು ದಾರಿಯಲ್ಲೇ ನಿಂತಿತು. ಹಾಗಾಗಿ ರಾಜಶೇಖರ ಕೊನೆಯವನಾಗಿ ಬಂದರೂ ಮುಂದಿನ ಓಟಕ್ಕೆ ಉಳಿದುಕೊಂಡ.

ಚಂದನ್ ಓಡೋಡಿ ಬಂದ. ಅವನ ಮುಖದಲ್ಲಿ ಗೆದ್ದವನ ಕಳೆಯೇ ಇರಲಿಲ್ಲ. “ಅಣ್ಣ, ಏನ್ ಮಾಡ್ಬುಟ್ರಿ? ತಿರುವಿನೊಳಗೆ ಬ್ರೇಕ್ ತುಳಿಬೇಡಿ. ತಿರುವಿಗೆ ಮುಂಚೆ, ಸ್ಟೇರಿಂಗ್ ನೆಟ್ಟಗಿದ್ದಾಗ್ಲೇ ತುಳ್ದು ಮುಗಿಸ್ಬೇಕು. ಆಮೇಲೆ ಮೆತ್ತಗೆ ತಿರುಗ್ಸಿ, ಮೆತ್ತಗೆ ಎಕ್ಸಲೇಟರ್ ಕೊಡಿ. ಮತ್ತೆ, ನನ್ ಕಾರ್ ಕಡೆ ನೋಡ್ಲೇಬೇಡಿ. ಕಣ್ ಎಲ್ಲೋಯ್ತದೋ ಕಾರೂ ಅಲ್ಲಿಗೇ ಹೋಯ್ತದೆ.”

“ನಂಗೆ ಹೇಳ್ಕೊಡೋಕ್ ಬಂದ್ಯಾ? ನೀನು ಸ್ಲೇಟು ಹಿಡಿಯೋ ಕಾಲಕ್ಕೇ ನಾನು ಟ್ರ್ಯಾಕ್ಟರ್ ಓಡ್ಸಿದ್ದೆ, ತಿಳ್ಕೋ.”

ಚಂದನ್ ಕೈಮುಗಿದ. “ದಮ್ಮಯ್ಯ ಅಣ್ಣ. ನೀವು ಗೆಲ್ಬೇಕು.”

ಆ ಕೈಮುಗಿತವೇ ರಾಜಶೇಖರನ ಅನುಮಾನವನ್ನು ಗಟ್ಟಿ ಮಾಡಿತು. ಶಾಮಿಯಾನದಡಿ ದ್ರಾಕ್ಷಾಯಣಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿ ಒರೆಸಿ ಎಲ್ಲವನ್ನೂ ನೋಡುತ್ತಿದ್ದರು. ಅತ್ತೆಯ ಮುಂದೆ ಒಳ್ಳೆಯವನ ನಾಟಕ ಬೇರೆ!

ಎರಡನೇ ಓಟದಲ್ಲಿ ರಾಜಶೇಖರ ಚಂದನ್ ಬೇಡವೆಂದದ್ದನ್ನೆಲ್ಲ ಮಾಡಿದ. ತಿರುವಿನ ನಡುಮಧ್ಯೆ ಬ್ರೇಕ್ ಜಜ್ಜಿದ, ಸ್ಟೇರಿಂಗನ್ನು ಒನಕೆ ಹಿಡಿದಂತೆ ಹಿಡಿದು ಎಳೆದ. ಎಲ್ಲಕ್ಕಿಂತ ಹೆಚ್ಚಾಗಿ, ಕತ್ತು ಹೊರಳಿಸಿ ಚಂದನನ ಕೆಂಪು ಕಾರನ್ನೇ ನೋಡಿದ. ಅದು ಎಷ್ಟು ಚೆಂದ ತಿರುಗಿತು! ಒಳಗೆ ಅವನ ಹೆಂಡತಿ ಸ್ನೇಹಾ ಬೇರೆ ಮದುವಣಗಿತ್ತಿಯ ಹಾಗೆ ನೆಟ್ಟಗೆ ಕೂತಿದ್ದಾಳೆ. ಕಣ್ಣು ಅಲ್ಲೇ ಅಂಟಿಕೊಂಡಿತು.

“ರೀ! ಎದುರ್ಗೆ ನೋಡ್ರೀ! ಟ್ಯಾಂಕರು!”

ಟ್ರ್ಯಾಕಿಗೆ ನೀರು ಹೊಡೆಯಲು ತಂದ ಟ್ಯಾಂಕರು ಹೊರಗಡೆ ನಿಂತಿತ್ತು. ಅದು ಸೋರಿ ಸೋರಿ ಅಲ್ಲೊಂದು ಕೆಸರುಗುಂಡಿಯಾಗಿತ್ತು. ಬಿಳಿ ಮಾರುತಿ ಟೈರುಗಳ ಸಾಲನ್ನು ಹಾರಿ, ನೇರ ಅದರೊಳಗೆ ಹೋಗಿ ಪಚಕ್ಕನೆ ಕೂತಿತು. ಕಿಟಕಿಯಿಂದ ಬಂದ ಕೆಸರು ಗಂಡಹೆಂಡಿರಿಬ್ಬರಿಗೂ ಸಮನಾಗಿ ಮೆತ್ತಿತು.

“ರಾಜಶೇಖರ್ ಅವರು ನಾಟಿ ಮಾಡೋಕೆ ಹೋಗವ್ರೆ!” ಅಂದರು ಮಹಾದೇವಯ್ಯ ಮೈಕಿನಲ್ಲಿ. ಗದ್ದೆಬಯಲಿಗೆ ಬಯಲೇ ಬಿದ್ದು ಬಿದ್ದು ನಕ್ಕಿತು.

ಆದರೂ ಕೊನೆಯ ಓಟದಿಂದ ಅವನು ಹೊರಬೀಳಲಿಲ್ಲ. ಮೂರನೇ ಕಾರಿನವನು ಗುರಿ ದಾಟುವ ಮೊದಲೇ ಅವನ ಪಕ್ಕದಲ್ಲಿದ್ದ ಅವನ ತಾಯಿ ಈರಮ್ಮ, “ನಂಗೆ ತಲೆ ಸುತ್ತತದೆ, ಸಾಕು” ಅಂತ ಇಳಿದು ಹೋಗಿದ್ದರು. ಪಕ್ಕ ಮನೆಯವರಿಲ್ಲದ ಕಾರು ಲೆಕ್ಕಕ್ಕಿಲ್ಲ. ಹಾಗಾಗಿ ಉಳಿದವರು ಇಬ್ಬರೇ, ಷಡ್ಡಕರು.

ಹುಡುಗರು ಸೇರಿ ಬಿಳಿ ಕಾರನ್ನು ಕೆಸರಿನಿಂದ ತಳ್ಳಿ ಮೇಲೆ ತಂದರು. ಪುಷ್ಪಾ ಮುಖದ ಕೆಸರನ್ನು ಸೆರಗಿನಲ್ಲಿ ಒರೆಸಿಕೊಂಡಳು. ಒರೆಸಿಕೊಂಡು ಗಂಡನ ಮುಂದೆ ನಿಂತಳು.

“ಈಗ ಕೇಳಿ. ಈ ಸಲ ಚಂದನ್ ಹೇಳ್ದಂಗೇ ಓಡಿಸ್ಬೇಕು. ಇಲ್ಲಾಂದ್ರೆ ನಾನೂ ಈರಮ್ಮನ್ ಥರ ಇಳ್ದೋಯ್ತೀನಿ. ಪಕ್ಕದಲ್ಲಿ ಜನ ಇಲ್ದಿದ್ರೆ ನಿಮ್ ರೇಸು ಮುಗೀತು.”

“ಅವ್ನು ಮೋಸ ಮಾಡಕ್ಕೆ ಹೇಳ್ತಾವ್ನೆ ಕಣೇ!”

“ಅವ್ನು ಹೇಳ್ದಂಗೇ ಅವ್ನು ಓಡಿಸ್ತಾವ್ನೆ, ಗೆಲ್ತಾವ್ನೆ. ಕಣ್ ಕಾಣ್ಸಲ್ವಾ? ಕಾಣ್ಸತದೆ, ಜಾಸ್ತಿನೇ ಕಾಣ್ಸತದೆ, ಅದೇ ನಿಮ್ ರೋಗ!”

ಅಂದವಳೇ ಡಿಕ್ಕಿಯಿಂದ ಮೋಟರಿನ ಖಾಲಿ ರಟ್ಟಿನ ಡಬ್ಬ ತೆಗೆದು ಹರಿದಳು. ಎರಡು ತುಂಡು ರಟ್ಟನ್ನು ಗಂಡನ ಹೆಲ್ಮೆಟ್ಟಿನ ಎಡಕ್ಕೊಂದು ಬಲಕ್ಕೊಂದು ಇಟ್ಟು, ಅಂಗಡಿಯ ಇನ್ಸುಲೇಷನ್ ಟೇಪಿನಿಂದ ಬಿಗಿದಳು. ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟುತ್ತಾರಲ್ಲ, ಹಾಗೆ. ಇನ್ನು ರಾಜಶೇಖರನಿಗೆ ಎದುರಿನ ದಾರಿ ಬಿಟ್ಟರೆ ಲೋಕದಲ್ಲಿ ಏನೂ ಕಾಣುವಂತಿರಲಿಲ್ಲ. ಟೈರಿನ ಗಾಳಿಯನ್ನೂ ಅವಳೇ ಬುಸ್ ಬುಸ್ ಅಂತ ಇಳಿಸಿದಳು.

ಬಾವುಟ ಬಿತ್ತು. ಬೇರೆ ದಾರಿಯಿಲ್ಲದೆ ರಾಜಶೇಖರ ದಾರಿ ನೋಡಿದ. ತಿರುವು ಬರುವ ಮೊದಲೇ ಬ್ರೇಕ್ ಒತ್ತಿ ಬಿಟ್ಟ. ತೊಟ್ಟಿಲು ತೂಗುವಷ್ಟು ಮೆತ್ತಗೆ ಸ್ಟೇರಿಂಗ್ ತಿರುಗಿಸಿದ, ತಿರುವು ಮುಗಿಯುವ ಜಾಗದ ಮೇಲೆ ಕಣ್ಣಿಟ್ಟ. ಅಯ್ಯೋ, ಕಾರು ಹೇಳಿದ ಮಾತು ಕೇಳುತ್ತಿದೆಯಲ್ಲ! ಕುಪ್ಪಳಿಸುತ್ತಿಲ್ಲ, ಜಾರುತ್ತಿಲ್ಲ. ಸುತ್ತು ಸುತ್ತಿಗೂ ಅವನ ಕೈ ಹಗುರಾಯಿತು. ಚಂದನ್ ಮುಂದಿದ್ದಾನೋ ಹಿಂದಿದ್ದಾನೋ ಅನ್ನುವುದೇ ಮರೆತುಹೋಯಿತು. ವರ್ಷದಿಂದ ಮೊದಲ ಸಲ ಹೊಟ್ಟೆ ತಣ್ಣಗಿತ್ತು.

“ಗೆದ್ರೂ! ರಾಜಶೇಖರ್ ಗೆದ್ಬುಟ್ರು!” ಮಹಾದೇವಯ್ಯನವರ ದನಿ ಗೊಗ್ಗರಾಯಿತು.

ರಾಜಶೇಖರ ಕಾರಿಳಿಯುತ್ತಲೇ ಚಂದನ್ ಓಡಿ ಬಂದು ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರು ದಳದಳ ಸುರಿಯುತ್ತಿತ್ತು. ಅಳಲಿ, ಚೆನ್ನಾಗಿ ಅಳಲಿ! ಈಗ ಉರಿಯುತ್ತಿದೆ ಮಗನಿಗೆ, ಅಂದುಕೊಂಡು ರಾಜಶೇಖರ ಅವನ ಬೆನ್ನು ತಟ್ಟಿದ. ಆ ಕಣ್ಣೀರು ಕಂಡು ಅವನಿಗಾದ ಸುಖ ಕಪ್ ಕೈಗೆ ಬಂದಾಗಲೂ ಆಗಲಿಲ್ಲ.

ನೆಂಟರೆಲ್ಲ ಸುತ್ತುವರಿದರು. ದ್ರಾಕ್ಷಾಯಣಮ್ಮ ಕುರ್ಚಿಯಿಂದ ಎದ್ದು, ಸೆರಗು ಸರಿಮಾಡಿಕೊಂಡು, ನಿಧಾನಕ್ಕೆ ಬಿಳಿ ಕಾರಿನ ಹತ್ತಿರ ಬಂದರು. ಕನಸು ಕಂಡಿದ್ದ ಗಳಿಗೆ! ರಾಜಶೇಖರ ಎಲ್ಲರೂ ನೋಡುವಂತೆ ಎಡಗಡೆಯ ಮುಂದಿನ ಬಾಗಿಲು ತೆರೆದು ಹಿಡಿದು, “ಬನ್ನಿ ಅತ್ತೆ, ಕೂತ್ಕಳಿ” ಅಂದ.

ದ್ರಾಕ್ಷಾಯಣಮ್ಮ ಅವನನ್ನು ದಾಟಿ, ಕಾರಿನ ಮೂತಿ ಬಳಸಿ, ಬಲಗಡೆ ಹೋದರು. ಡ್ರೈವರ್ ಸೀಟಿನಲ್ಲಿ ಕೂತು, ಸೀಟು ಮುಂದಕ್ಕೆಳೆದುಕೊಂಡು, ಕೈ ಚಾಚಿದರು.

“ಕೀ ಕೊಡಿ ಅಳಿಯಂದ್ರೇ.”

“ಅತ್ತೆ... ಅದು ಡ್ರೈವರ್ ಸೀಟು.”

“ಗೊತ್ತು. ಒಂದ್ ವರ್ಷದಿಂದ ಚಂದನ್ ಕಾರಲ್ಲೂ ಈ ಸೀಟಲ್ಲೇ ಕೂತಿರೋದು. ಹೊಂಗಡಹಳ್ಳದ ತೋಟದ್ ದಾರೀಲಿ ಬೆಳಬೆಳಿಗ್ಗೆನೇ ಕಲೀತಿದ್ದೆ. ಊರು ಬಂದ್ರೆ ಸೀಟ್ ಬದಲಾಯಿಸ್ಕೊಳ್ತಿದ್ವಿ. ನೆಟ್ಟಗೆ ಕಲಿಯೋಗಂಟ ಯಾರ್ಗೂ ಹೇಳ್ಕೂಡ್ದು ಅಂತ ಚಂದನ್ ಹತ್ರ, ಸ್ನೇಹಾ ಹತ್ರ ಆಣೆ ಹಾಕಿಸ್ಕೊಂಡಿದ್ದೆ.” ಅವರು ಬ್ಯಾಗಿನಿಂದ ಕೆಂಪು ‘ಎಲ್’ ಬರೆದ ಸ್ಟಿಕ್ಕರು ತೆಗೆದು ಗಾಜಿಗೆ ಅಂಟಿಸಿದರು. “ಇನ್ನೇನು, ಎಲ್ಲೆಲ್ಲಾರ್ ಲೈಸೆನ್ಸೂ ಬಂದಾಯ್ತು. ಇನ್ ಮುಚ್ಚುಮರೆ ಯಾಕೆ?”

ರಾಜಶೇಖರ ಚಂದನನ ಕಡೆ ತಿರುಗಿದ. “ಹಂಗಾದ್ರೆ ನಿನ್ ಕಾರಿನ್ ನೆಗ್ಗು...?”

“ಒಂದು ಹಲಸಿನ ಮರ, ಎರಡು ಗೇಟು, ಪಂಚಾಯ್ತಿ ನಲ್ಲಿ,” ಅಂದ ಚಂದನ್ ಕಣ್ಣೊರೆಸಿಕೊಳ್ಳುತ್ತ. “ಅತ್ತೆಗೆ ಇಲ್ಲ ಅನ್ನೋಕೂ ಆಗಲ್ಲ, ನಿಮ್ಗೆ ಹೇಳೋಕೂ ಆಗಲ್ಲ. ಸೋತ್ರೆ ಮಾತ್ರ ಬಿಡುಗಡೆ. ಬೇಕು ಅಂತ ಸೋಲೋಣ ಅಂದ್ರೆ ಅತ್ತೆ ಕನ್ನಡಕ ಒರೆಸ್ಕೊಂಡು ನೋಡ್ತಾ ಕೂತಿರ್ತಾರೆ, ಕಂಡುಹಿಡ್ದುಬುಡ್ತಾರೆ. ಅದ್ಕೇ ನಿಮ್ಗೆ ಅಷ್ಟೊಂದು ಹೇಳ್ಕೊಟ್ಟಿದ್ದಣ್ಣ.”

“ಚಂದನ್ ಒಳ್ಳೇವ್ನೇ,” ಅಂದರು ದ್ರಾಕ್ಷಾಯಣಮ್ಮ ಒಳಗಿನಿಂದ, “ಆದ್ರೆ ಬಾಳ ಪುಕ್ಕಲ. ತಿರುವು ಬಂದ್ರೆ ಕಣ್ಮುಚ್ಕೊಂಡು ಶಿವಶಿವಾ ಅಂತಾನೆ. ಗುರು ಅಂದ್ರೆ ನಿಮ್ಮಂಗಿರ್ಬೇಕು. ಕೆಸರಿಗೆ ಬಿದ್ರೂ ಜಗ್ಗಲಿಲ್ಲ ನೀವು! ನಾಳೆಯಿಂದ ನಿಮ್ಮನೇಲೇ ಇರ್ತೀನಿ. ದಿನಾ ಬೆಳಿಗ್ಗೆ ಪ್ರಾಕ್ಟೀಸು. ಮುಂದಿನ್ ವರ್ಷ ಫ್ಯಾಮಿಲಿ ಕ್ಲಾಸಲ್ಲಿ ನಾನೇ ಓಡ್ಸೋದು, ನೀವ್ ಪಕ್ಕದಲ್ಲಿ.”

ನೆಂಟರು ಚಪ್ಪಾಳೆ ತಟ್ಟಿದರು. ರಾಜಶೇಖರ ಕಪ್ಪನ್ನು ಎದೆಗವಚಿಕೊಂಡು, ತಾನೇ ತೆರೆದಿದ್ದ ಬಾಗಿಲಿನಿಂದ ಒಳಗೆ ಹೋಗಿ ಕೂತ. ಹಿಂದೆ ತಿರುಗಿ ನೋಡಿದರೆ ಹಿಂದಿನ ಸೀಟು ಖಾಲಿ.

“ಪುಷ್ಪಾ! ಹತ್ಕೊಳೇ!”

“ನಾನು ಸ್ನೇಹಾ ಜೊತೆ ಬತ್ತೀನಿ ಕಣ್ರೀ,” ಅಂತ ಪುಷ್ಪಾ ಆಗಲೇ ಕೆಂಪು ಕಾರಿನೊಳಗಿನಿಂದ ಕೂಗಿದಳು. “ಚಂದನ್ ಚೆನ್ನಾಗಿ ಓಡಿಸ್ತಾನೆ!”

ದ್ರಾಕ್ಷಾಯಣಮ್ಮ ಕ್ಲಚ್ ಬಿಟ್ಟರು. ಬಿಳಿ ಮಾರುತಿ ಒಂದು ಹುಲ್ಲಿನ ಕಂತೆಯನ್ನು ಎತ್ತಿ ಎಸೆದು, ಬಿಕ್ಕಳಿಸುತ್ತ ದಾರಿಗೆ ಏರಿತು. ಅಷ್ಟರಲ್ಲಿ ಪಕ್ಕದಲ್ಲೇ ಚಂದನನ ಕೆಂಪು ಕಾರು ಹಾಡು ಹಾಕಿಕೊಂಡು ಹಾಯಾಗಿ ಹಾದುಹೋಯಿತು. ಹಿಂದಿನ ಕಿಟಕಿಯಲ್ಲಿ ಪುಷ್ಪಾ ಕೈ ಬೀಸುತ್ತ ನಗುತ್ತಿದ್ದಳು. ತನ್ನ ಹೆಂಡತಿಯೇ ಷಡ್ಡಕನ ಕಾರಲ್ಲಿ! ಆರಿಹೋಗಿದ್ದ ಹೊಟ್ಟೆಯ ಬೆಂಕಿ ಮತ್ತೆ ಭಗ್ಗನೆ ಹತ್ತಿಕೊಂಡಿತು.

“ಯಾಕಳಿಯಂದ್ರೇ, ಆ ಕಾರನ್ನೇ ನೋಡ್ತಾ ಕೂತಿದ್ದೀರಿ?” ಅಂದರು ದ್ರಾಕ್ಷಾಯಣಮ್ಮ. ಆಮೇಲೆ ತಾವೂ ಅದನ್ನೇ ಒಂದು ಗಳಿಗೆ ದಿಟ್ಟಿಸಿ ನೋಡಿ, ಗೇರು ಬದಲಿಸಿ, ಎಕ್ಸಲೇಟರನ್ನು ತಳಮುಟ್ಟ ತುಳಿದರು. “ಹಿಡ್ದೇ ಬುಡಾಣ, ಗಟ್ಟಿಯಾಗಿ ಕೂತ್ಕಳಿ.”